ಮೆದುಳಿಗೂ ಒಂದು ಬೇಲಿ ಇದೆ



ತೋಟಕ್ಕೆ ಬೇಲಿ ಯಾಕೆ ಅಂತ ಕಡೂರು, ತರೀಕೆರೆ, ಅಜ್ಜಂಪುರ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದನ ನುಗ್ಗಬಾರದು; ಆದರೆ ನೀರು, ಗೊಬ್ಬರ ಒಳಗೆ ಹೋಗಬೇಕು. ನಮ್ಮ ಮೆದುಳಿಗೂ ಇಂಥದೇ ಬೇಲಿ ಇದೆ. ಜನ ಫಿಟ್ಸ್ ಅನ್ನುತ್ತಾರಲ್ಲ, ಆ ಮೂರ್ಛೆ ರೋಗಕ್ಕೂ ಈ ಬೇಲಿಗೂ ಸಂಬಂಧವಿದೆ.

ಬೇಲಿ ಎಲ್ಲಿದೆ?

1885ರಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿದರು. ಬೇರೆ ಅಂಗಗಳಿಗೆಲ್ಲ ಬಣ್ಣ ಹತ್ತಿತು, ಮೆದುಳಿಗೆ ಹತ್ತಲಿಲ್ಲ! ಮೆದುಳಿನ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಜೀವಕೋಶಗಳು ಸಂದಿಲ್ಲದೆ ಬಿಗಿಯಾಗಿ ಕೂತಿರುತ್ತವೆ. ಆಮ್ಲಜನಕ ಸಲೀಸಾಗಿ ದಾಟುತ್ತೆ. ಗ್ಲೂಕೋಸಿಗೆ ಬೇರೆ ಬಾಗಿಲುಂಟು. ರಕ್ತದ ಪ್ರೋಟೀನು, ರೋಗಾಣುಗಳು ಸುಲಭವಾಗಿ ಒಳಗೆ ಬರಲಾರವು. ಇದಕ್ಕೆ ರಕ್ತ-ಮೆದುಳು ತಡೆ ಎನ್ನುತ್ತಾರೆ.

ಬೇಲಿ ಸಡಿಲವಾದರೆ?

ನರಕೋಶಗಳು ವಿದ್ಯುತ್ ಸಂಕೇತದಿಂದ ಮಾತಾಡುತ್ತವೆ. ತುಂಬಾ ಕೋಶಗಳು ಒಟ್ಟಿಗೇ ಕೆರಳಿದರೆ ಫಿಟ್ಸ್ ಬರುತ್ತೆ. ತಲೆಗೆ ಪೆಟ್ಟು, ಮೆದುಳು ಜ್ವರ, ಪಾರ್ಶ್ವವಾಯು, ಮೆದುಳು ಸೇರಿದ ಲಾಡಿಹುಳುವಿನ ಮರಿ, ಇವುಗಳಿಂದ ಬೇಲಿ ಸಡಿಲವಾಗಬಹುದು. ಆಗ ರಕ್ತದ ಅಲ್ಬುಮಿನ್ ಎಂಬ ಪ್ರೋಟೀನು ಒಳಗೆ ಸೋರುತ್ತೆ. ನರಕೋಶಗಳ ಸುತ್ತ ಪೊಟ್ಯಾಸಿಯಂ ಹೆಚ್ಚದಂತೆ ನೋಡಿಕೊಳ್ಳುವ ಸಹಾಯಕ ಕೋಶಗಳಿವೆ. ಅಲ್ಬುಮಿನ್ ಸೇರಿದರೆ ಅವು ಕೆಲಸ ಸರಿಯಾಗಿ ಮಾಡುವುದಿಲ್ಲ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಪೊಟ್ಯಾಸಿಯಂ ಹೆಚ್ಚಾದರೆ ನರಕೋಶಗಳು ಬೇಗ ಕೆರಳುತ್ತವೆ. ಫಿಟ್ಸ್ ಬಂದರೆ ಬೇಲಿ ಇನ್ನಷ್ಟು ಸಡಿಲ! ಹೀಗೆ ಒಂದು ಇನ್ನೊಂದನ್ನು ಬೆಳೆಸುತ್ತೆ. ಆದರೆ ಎಲ್ಲರ ಮೂರ್ಛೆಗೂ ಇದೊಂದೇ ಕಾರಣವಲ್ಲ. ಕೆಲವರಿಗೆ ಅದು ವಂಶದಿಂದ ಬಂದಿರುತ್ತೆ.

ಮಾತ್ರೆಯೂ ಬೇಲಿ ದಾಟಬೇಕು

ನುಂಗಿದ ಮಾತ್ರೆ ರಕ್ತ ಸೇರಿದರೆ ಸಾಲದು, ಈ ಬೇಲಿ ದಾಟಿ ಮೆದುಳು ತಲುಪಬೇಕು. ಹಾಗೆ ದಾಟುವ ಹಳೆಯ, ಅಗ್ಗದ ಔಷಧಿಗಳು ಫಿನೋಬಾರ್ಬಿಟಾಲ್ ಮತ್ತು ಫಿನಿಟಾಯಿನ್. ನಮ್ಮ ರಾಜ್ಯದ ಯಳಂದೂರಿನ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಡಾ. ಕೆ.ಎಸ್. ಮಣಿ ಮತ್ತು ಜೊತೆಗಾರರು ಇವನ್ನು ಕೊಟ್ಟು ನೋಡಿದರು. ಎಷ್ಟೋ ಜನರ ಫಿಟ್ಸ್ ಹಿಡಿತಕ್ಕೆ ಬಂತು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಈ ರೋಗ ನಗರದಲ್ಲಿ ಸಾವಿರಕ್ಕೆ ಸುಮಾರು 6 ಜನರಿಗೆ, ಹಳ್ಳಿಯಲ್ಲಿ ಸುಮಾರು 12 ಜನರಿಗೆ ಇತ್ತು. ಅಂದರೆ ಇದು ನಮ್ಮದೇ ವಿಷಯ. ಫಿಟ್ಸ್ ನಿಂತಿತು ಅಂತ ನಾವೇ ಮಾತ್ರೆ ಬಿಡಬಾರದು. ಬಿಟ್ಟರೆ ಮತ್ತೆ ಬರಬಹುದು. ಡಾಕ್ಟರನ್ನೇ ಕೇಳಬೇಕು.

ಎದುರಿಗೆ ಯಾರಿಗಾದರೂ ಬಂದರೆ?

1. ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯುವುದು ಬೇಡ. ವಾಸನೆಗೆ ಫಿಟ್ಸ್ ನಿಲ್ಲಲ್ಲ, ಅದು ತಾನಾಗೇ ನಿಲ್ಲುತ್ತೆ.
2. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಹಾಕಬೇಡಿ. ಕೈಕಾಲು ಒತ್ತಿ ಹಿಡಿಯಬೇಡಿ.
3. ಕಲ್ಲು, ಬೆಂಚು ದೂರ ಸರಿಸಿ. ತಲೆಯ ಕೆಳಗೆ ಮೆತ್ತಗಿನದು ಇಡಿ. ಒಂದು ಮಗ್ಗುಲಿಗೆ ಹೊರಳಿಸಿ.
4. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಇದು ದೆವ್ವವಲ್ಲ, ಶಾಪವಲ್ಲ, ಅಂಟುರೋಗವೂ ಅಲ್ಲ. ಫಿಟ್ಸ್ ಇರುವ ಗೆಳೆಯ ಗೆಳತಿಯರ ಪಕ್ಕ ಕೂರೋಣ, ಜೊತೆಗೇ ಆಡೋಣ. ಬೈಕಿನಲ್ಲಿ ಹೋಗುವ ಅಪ್ಪ, ಅಣ್ಣಂದಿರಿಗೆ ಹೆಲ್ಮೆಟ್ ಹಾಕಿಕೊಳ್ಳಲು ಹೇಳೋಣ. ಅದು ಮೆದುಳಿಗೆ ನಾವು ಹಾಕುವ ಹೊರಗಿನ ಬೇಲಿ.