ಸೊನ್ನೆಗೆ ಸೊನ್ನೆ, ಕಿರೀಟ ಯಾರಿಗೆ?

1944ರಲ್ಲಿ 59–0. ಮರುವರ್ಷ 48–0. ಇಂಡಿಯಾನಾದ ಸೌತ್ ಬೆಂಡ್ ಬಳಿಯಿರುವ ನೋಟರ್ ಡೇಮ್ ವಿಶ್ವವಿದ್ಯಾಲಯ ತನ್ನ ಹಳೆಯ ಎದುರಾಳಿ ಆರ್ಮಿ ತಂಡದ ಕೈಯಲ್ಲಿ ಸೋತ ಪರಿಯಿದು. ಇಲ್ಲಿ ಹೇಳುತ್ತಿರುವುದು ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ನುಗ್ಗುವ, ನುಗ್ಗಿದವನನ್ನು ನೆಲಕ್ಕೆ ಕೆಡವುವ ಅಮೆರಿಕನ್ ಫುಟ್‌ಬಾಲಿನ ವಿಷಯ. ಹೀಗೆ ಚಚ್ಚಿಸಿಕೊಂಡಿದ್ದ ತಂಡ 1946ರಲ್ಲಿ ದೇಶದ ಚಾಂಪಿಯನ್ ಆಯಿತು. ತರಬೇತುದಾರನ ತಂತ್ರ, ಆಟಗಾರರ ಛಲ ಎಂದು ಹೇಳಿ ಮುಗಿಸಬಹುದು. ಆದರೆ ಆ ತಂಡವನ್ನು ಕಟ್ಟಿದ್ದರಲ್ಲಿ ಎರಡನೇ ಮಹಾಯುದ್ಧದ ಪಾಲೇ ದೊಡ್ಡದು.

ಯುದ್ಧಕಾಲದಲ್ಲಿ ಆರ್ಮಿ ಅಷ್ಟು ಬಲಿಷ್ಠವಾಗಿದ್ದಕ್ಕೂ ಅದೇ ಕಾರಣ. ಉಳಿದ ಕಾಲೇಜುಗಳ ಹುಡುಗರು ಸಮವಸ್ತ್ರ ತೊಟ್ಟು ದೂರದ ರಣರಂಗಗಳಿಗೆ ಹೋಗುತ್ತಿದ್ದರು. ಆರ್ಮಿ ಎಂದರೆ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ತಂಡ; ಅದರ ಕೆಡೆಟ್‌ಗಳಾದರೋ ಕಲಿಕೆ ಮುಗಿಯುವ ತನಕ ಕ್ಯಾಂಪಸ್ಸಿನಲ್ಲೇ ಇರುತ್ತಿದ್ದರು. ಬೇರೆಡೆ ಆಡಿ ಹೆಸರು ಮಾಡಿದವರೂ ಅಲ್ಲಿಗೆ ಬಂದು ಸೇರಿಕೊಂಡರು. ಡಾಕ್ ಬ್ಲ್ಯಾಂಚರ್ಡ್ ಮತ್ತು ಗ್ಲೆನ್ ಡೇವಿಸ್ ಜೋಡಿಯನ್ನು ತಡೆಯುವವರೇ ಇರಲಿಲ್ಲ. ತರಬೇತುದಾರ ರೆಡ್ ಬ್ಲೇಕ್ 1944, 1945 ಎರಡೂ ವರ್ಷ ಪಟ್ಟ ಗೆದ್ದ.

ನೋಟರ್ ಡೇಮ್‌ನ ತರಬೇತುದಾರ ಫ್ರಾಂಕ್ ಲೇಹಿ ಆಗ ಊರಲ್ಲೇ ಇರಲಿಲ್ಲ. 1943ರಲ್ಲಿ ತಂಡಕ್ಕೆ ಚಾಂಪಿಯನ್ ಪಟ್ಟ ತಂದುಕೊಟ್ಟು ನೌಕಾಪಡೆ ಸೇರಿದ್ದ. ಆತನ ಎಳೆಯ ಕ್ವಾರ್ಟರ್‌ಬ್ಯಾಕ್ ಜಾನಿ ಲುಜಾಕ್ ಇಂಗ್ಲಿಷ್ ಕಾಲುವೆಯಲ್ಲಿ ಜರ್ಮನ್ ಸಬ್‌ಮರೀನ್‌ಗಳನ್ನು ಹುಡುಕುವ ಹಡಗಿನಲ್ಲಿದ್ದ. ಮುಂದೆ ಈ ತಂಡ ಸೇರಲಿದ್ದ ಜಿಮ್ ಮಾರ್ಟಿನ್ ಮೆರೀನ್ ಪಡೆಯವನು. ಟಿನಿಯನ್ ದ್ವೀಪದ ಮೇಲೆ ದಾಳಿಗೆ ಮುಂಚೆ ಈಜಿಕೊಂಡು ಹೋಗಿ ಶತ್ರುವಿನ ದಡವನ್ನು ನೋಡಿ ಬಂದಿದ್ದ. ಜಾರ್ಜ್ ಕಾನರ್ ಹೋಲಿ ಕ್ರಾಸ್ ಕಾಲೇಜಿನ ಆಟಗಾರ. ಪರ್ಲ್ ಹಾರ್ಬರಿನಲ್ಲಿ ಲೇಹಿಯ ಕಣ್ಣಿಗೆ ಬಿದ್ದು, ಯುದ್ಧ ಮುಗಿದ ಮೇಲೆ ಸೌತ್ ಬೆಂಡ್‌ಗೆ ಬಂದ. ಸಮವಸ್ತ್ರದಲ್ಲಿದ್ದಾಗಲೂ ಲೇಹಿ ತನ್ನ ಮುಂದಿನ ತಂಡವನ್ನು ಹೊಂದಿಸುತ್ತಲೇ ಇದ್ದನೆನ್ನಬೇಕು.

ಇವರೆಲ್ಲ ಮತ್ತೆ ತರಗತಿಗೆ ಕಾಲಿಟ್ಟ ಹಿನ್ನೆಲೆಯಲ್ಲಿ ಒಂದು ಕಾನೂನಿದೆ. 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಅದನ್ನು ಜನ ಜಿಐ ಬಿಲ್ ಎಂದೇ ಕರೆದರು. ಮರಳಿ ಬಂದ ಯೋಧನ ಓದಿಗೆ ಸರ್ಕಾರ ವರ್ಷಕ್ಕೆ 500 ಡಾಲರ್‌ವರೆಗೆ ಫೀಸು ಕಟ್ಟುತ್ತಿತ್ತು, ಹೊಟ್ಟೆಪಾಡಿಗೆ ತಿಂಗಳ ಭತ್ಯೆ ಬೇರೆ. 1947ರ ಹೊತ್ತಿಗೆ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾಜಿ ಸೈನಿಕರೇ. ಫುಟ್‌ಬಾಲ್ ತಂಡಗಳೂ ತುಂಬಿ ತುಳುಕಿದವು. ಹೈಸ್ಕೂಲು ಮುಗಿಸಿ ನೇರ ನೋಟರ್ ಡೇಮ್‌ಗೆ ಬಂದ 17ರ ಲಿಯಾನ್ ಹಾರ್ಟ್, ಯುದ್ಧ ಕಂಡು ಬಂದ ಗಂಡಸರ ಜೊತೆ ಹೆಗಲು ತಾಗಿಸಿ ಅಭ್ಯಾಸ ಮಾಡಬೇಕಾಯಿತು.

1946ರ ಋತುವಿನ ಮೊದಲ ಪಂದ್ಯದಲ್ಲೇ ಇಲಿನಾಯ್ ನೋಟರ್ ಡೇಮ್‌ಗೆ 26–6ರಿಂದ ಸೋತಿತು. ಅದೇ ಇಲಿನಾಯ್ ಮುಂದೆ ಋತು ಮುಗಿದ ಮೇಲಿನ ಪ್ರತಿಷ್ಠಿತ ರೋಸ್ ಬೌಲ್ ಪಂದ್ಯ ಗೆದ್ದಿತು ಎಂದರೆ ಈ ತಂಡದ ತಾಕತ್ತು ಊಹಿಸಿಕೊಳ್ಳಿ. ಪಿಟ್ಸ್‌ಬರ್ಗ್, ಪರ್ಡ್ಯೂ, ಅಯೋವಾ ಯಾವುದೂ ನಿಲ್ಲಲಿಲ್ಲ. ನೌಕಾಪಡೆಯ ಅಕಾಡೆಮಿ ತಂಡವಾದ ನೇವಿಗೂ 28–0ರ ಪೆಟ್ಟು. ಯುದ್ಧದ ವರ್ಷಗಳಲ್ಲಿ ವಿದ್ಯಾರ್ಥಿಗಳಿಲ್ಲದೆ ಸೊರಗುತ್ತಿದ್ದ ನೋಟರ್ ಡೇಮ್ ವಿಶ್ವವಿದ್ಯಾಲಯಕ್ಕೆ ತನ್ನ ಅಧಿಕಾರಿಗಳ ತರಬೇತಿ ಶಿಬಿರವನ್ನು ಕೊಟ್ಟು ಉಳಿಸಿದ್ದು ಇದೇ ನೌಕಾಪಡೆ. ಮೈದಾನದಲ್ಲಿ ಆ ಋಣವೇನೂ ಅಡ್ಡ ಬರಲಿಲ್ಲ.

ನವೆಂಬರ್ 9, ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂ. ಆರ್ಮಿ ಒಂದನೇ ಸ್ಥಾನ, ನೋಟರ್ ಡೇಮ್ ಎರಡನೇ ಸ್ಥಾನ. ಆರ್ಮಿ ಸತತ 25 ಪಂದ್ಯ ಗೆದ್ದು ಬಂದಿತ್ತು. ಆರ್ಮಿಗೆ ಮೂರನೇ ಪಟ್ಟ ಸಿಗದಂತೆ ತಡೆಯುವ ಸಂಘ ಎಂಬ ಹೆಸರಿನಲ್ಲಿ ನೋಟರ್ ಡೇಮ್ ಹುಡುಗರು ಬ್ಲೇಕ್‌ಗೆ ಪೋಸ್ಟ್‌ಕಾರ್ಡುಗಳನ್ನು ಕಳಿಸಿ ಕಾಡಿದ್ದರು. ಸುಮಾರು 74,000 ಜನ ನೆರೆದರು.

ಪಂದ್ಯ ನೋಡಲು ಚೆಂದವಿತ್ತೇ? ಇಲ್ಲವೆಂದೇ ಹೇಳಬೇಕು. ಇಬ್ಬರು ತರಬೇತುದಾರರೂ ಗೆಲ್ಲುವುದಕ್ಕಿಂತ ಸೋಲದಿರುವುದನ್ನೇ ಹೆಚ್ಚು ಲೆಕ್ಕ ಹಾಕಿದರು. ನೋಟರ್ ಡೇಮ್ ಒಮ್ಮೆ ಉದ್ದಕ್ಕೂ ನುಗ್ಗಿ ಆರ್ಮಿಯ ಗೋಲ್ ಗೆರೆಯ ಬಾಗಿಲಲ್ಲೇ ತಡೆಸಿಕೊಂಡಿತು. ಆರ್ಮಿಯ ಆರ್ನಾಲ್ಡ್ ಟಕರ್ ಮೂರು ಸಲ ಲುಜಾಕ್‌ನ ಪಾಸ್‌ಗಳನ್ನು ನಡುವೆಯೇ ಹಿಡಿದ. ಮೂರನೇ ಕ್ವಾರ್ಟರಿನಲ್ಲಿ ಬ್ಲ್ಯಾಂಚರ್ಡ್ ಎಲ್ಲರನ್ನೂ ದಾಟಿ ಬದಿಗೆರೆಯ ಪಕ್ಕ ಓಡತೊಡಗಿದ. ಎದುರಿಗೆ ಉಳಿದವನು ಲುಜಾಕ್ ಒಬ್ಬನೇ. ಆ ಕಾಲದಲ್ಲಿ ಆಕ್ರಮಣಕ್ಕೂ ರಕ್ಷಣೆಗೂ ಅದೇ ಆಟಗಾರರು. ವಾರದ ಹಿಂದಷ್ಟೇ ಕಾಲು ಉಳುಕಿಸಿಕೊಂಡಿದ್ದವನು ಕಬಡ್ಡಿ ಆಟಗಾರನಂತೆ ಕೆಳಗೆ ಹಾರಿ ಕಣಕಾಲಿಗೇ ಕೈಹಾಕಿ ಕೆಡವಿದ. ಕೊನೆಗೆ ಸ್ಕೋರು 0–0. ಅಂಕ ಗಳಿಸಿದವನ ಹೆಸರೇ ಇಲ್ಲದ ಈ ಪಂದ್ಯದಲ್ಲಿ, ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ ಅಥವಾ ಮುಂದೆ ಗೆಲ್ಲಲಿದ್ದ ನಾಲ್ವರು ಆಡಿದ್ದರು: ಬ್ಲ್ಯಾಂಚರ್ಡ್, ಡೇವಿಸ್, ಲುಜಾಕ್, ಹಾರ್ಟ್. ಜನರ ನೆನಪಿನಲ್ಲಿ ಉಳಿದದ್ದು ಲುಜಾಕ್ ತಡೆದ ಆ ಓಟ.

ಹಾಗಾದರೆ ಪಟ್ಟ ಯಾರಿಗೆ? ಆಗ ಫೈನಲ್ ಪಂದ್ಯ ಎಂಬುದೇ ಇರಲಿಲ್ಲ. ಅಸೋಸಿಯೇಟೆಡ್ ಪ್ರೆಸ್ ಪರವಾಗಿ ಕ್ರೀಡಾ ವರದಿಗಾರರು ಮತ ಹಾಕಿ ಚಾಂಪಿಯನ್ ಯಾರೆಂದು ಹೇಳುತ್ತಿದ್ದರು. ಆ ವರದಿಗಾರರ ಮನಸ್ಸು ತಿರುಗಲು ನವೆಂಬರ್ 30 ಬರಬೇಕಾಯಿತು. ಲೇಹಿ ಕಾಯಿಲೆ ಬಿದ್ದಿದ್ದರೂ ನೋಟರ್ ಡೇಮ್ ಅಂದು ಸದರ್ನ್ ಕ್ಯಾಲಿಫೋರ್ನಿಯಾವನ್ನು 26–6ರಿಂದ ಮಣಿಸಿತು. ಅತ್ತ ಫಿಲಡೆಲ್ಫಿಯಾದಲ್ಲಿ, ಆ ವರ್ಷ ಒಂದೇ ಒಂದು ಪಂದ್ಯ ಗೆದ್ದಿದ್ದ ನೇವಿ, ಆರ್ಮಿಯ ಬೆವರಿಳಿಸಿತು. ಆರ್ಮಿ 21–18ರಿಂದ ಬಚಾವಾಯಿತು ಅಷ್ಟೇ. ಸಮಯ ಮುಗಿದಾಗ ನೇವಿ ಅದರ ಗೋಲ್ ಗೆರೆಯಿಂದ ಕೆಲವೇ ಯಾರ್ಡ್ ದೂರದಲ್ಲಿತ್ತು. ಮತ ಎಣಿಸಿದಾಗ ನೋಟರ್ ಡೇಮ್ ಮೇಲೆ, ಆರ್ಮಿ ಕೆಳಗೆ. ಒಂಬತ್ತು ಪಂದ್ಯಗಳಲ್ಲಿ ನೋಟರ್ ಡೇಮ್ 271 ಅಂಕ ಗಳಿಸಿ ಕೊಟ್ಟದ್ದು 24 ಮಾತ್ರ. 1949ರ ಕೊನೆಯವರೆಗೂ ಅದು ಒಂದು ಪಂದ್ಯವನ್ನೂ ಸೋಲಲಿಲ್ಲ.

ಮೂರನೇ ಸ್ಥಾನ ಜಾರ್ಜಿಯಾಕ್ಕೆ. ವಾಯುದಳದಿಂದ ಮರಳಿದ ಚಾರ್ಲಿ ಟ್ರಿಪ್ಪಿಯ ಆ ತಂಡ ಋತುವಿನ ಹತ್ತಕ್ಕೆ ಹತ್ತೂ ಗೆದ್ದಿತ್ತು. ಮತದಾನವೆಲ್ಲ ಮುಗಿದ ಮೇಲೆ ಹೊಸವರ್ಷದ ಶುಗರ್ ಬೌಲ್‌ನಲ್ಲಿ ನಾರ್ತ್ ಕೆರೊಲಿನಾವನ್ನು 20–10ರಿಂದ ಸೋಲಿಸಿ ಹನ್ನೊಂದನೆಯದನ್ನೂ ಗೆದ್ದಿತು.