ನಿಡ್ಲೆಯ ಜ್ವರಕ್ಕೆ ಜೆದ್ದಾದಲ್ಲೊಬ್ಬ ನೆಂಟ

ಬೆಳ್ತಂಗಡಿ ತಾಲ್ಲೂಕು 1982–83ರಲ್ಲಿ ಮಂಗನ ಕಾಯಿಲೆಯ ದೊಡ್ಡ ಹಾವಳಿ ಕಂಡಿತು. ನಿಡ್ಲೆ, ಪಟ್ರಮೆ ಕಡೆ ಗೇರು ತೋಟಕ್ಕೆಂದು ಕಾಡು ಬೋಳಿಸಿದ ಬೆನ್ನಿಗೇ ಜ್ವರ ಹಬ್ಬಿತು. ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ನೂರಕ್ಕೂ ಹೆಚ್ಚು ಜನ ತೀರಿಕೊಂಡರು.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಈ ಕಾಯಿಲೆಯ ವೈರಸ್ ಸಿಕ್ಕಾಗ ಅದರ ಕುಲ ತಿಳಿಯಲು ಪುಣೆಯ ವಿಜ್ಞಾನಿಗಳಿಗಿದ್ದ ದಾರಿ ರಕ್ತಸಾರದ ಪರೀಕ್ಷೆ. ರಷ್ಯಾದ ಉಣ್ಣಿಜ್ವರದ ವೈರಸ್‌ಗಳ ಗುಂಪಿಗೆ ಇದು ಹತ್ತಿರ ಎಂದು ಗೊತ್ತಾಯಿತು. ಸೈಬೀರಿಯಾದ ವಲಸೆ ಹಕ್ಕಿಗಳು ತಂದಿರಬಹುದೇ ಎಂಬ ಗುಮಾನಿಯೂ ಹುಟ್ಟಿತು.

ಇಂದು ಆ ವೈರಸ್ಸಿನ ಸುಮಾರು 10,700 ಅಕ್ಷರಗಳ ಜೀನೋಮ್ ಯಾರು ಬೇಕಾದರೂ ಓದಬಹುದಾದ ಭಂಡಾರದಲ್ಲಿದೆ. ಇಂಥ ಎರಡು ಅಕ್ಷರ ಸರಣಿಗಳನ್ನು ಅಕ್ಷರಕ್ಕೆ ಅಕ್ಷರ ಹೊಂದಿಸುವ ಖಚಿತ ಲೆಕ್ಕವನ್ನು 1970ರಲ್ಲಿ ನೀಡಲ್‌ಮನ್ ಮತ್ತು ವುನ್ಶ್, 1981ರಲ್ಲಿ ಸ್ಮಿತ್ ಮತ್ತು ವಾಟರ್‌ಮನ್ ಕೊಟ್ಟರು. ಆದರೆ ಇಡೀ ಭಂಡಾರವನ್ನು ಹಾಗೆ ಜಾಲಾಡಲು ತುಂಬ ಹೊತ್ತು ಬೇಕು. 1990ರಲ್ಲಿ ಬಂದ ಬ್ಲಾಸ್ಟ್ ಎಂಬ ಹುಡುಕು ತಂತ್ರಾಂಶ ಒಂದು ಉಪಾಯ ಹೂಡಿತು. ನಮ್ಮ ಸರಣಿಯನ್ನು ಹನ್ನೊಂದು ಅಕ್ಷರಗಳಷ್ಟು ಚಿಕ್ಕ ತುಣುಕು ಮಾಡಿ, ಅವು ಎಲ್ಲೆಲ್ಲಿ ಸಿಗುತ್ತವೆಯೋ ಅಲ್ಲಿಂದ ಮಾತ್ರ ಎರಡೂ ಬದಿಗೆ ಹೋಲಿಕೆ ಬೆಳೆಸುವುದು. ಹೋಲಿಕೆಯ ಅಂಕ ಕುಸಿದ ಕಡೆ ನಿಲ್ಲಿಸುವುದು. ಕೊನೆಗೆ ಇ-ವ್ಯಾಲ್ಯೂ ಕೊಡುತ್ತದೆ: ಇಷ್ಟು ದೊಡ್ಡ ಭಂಡಾರದಲ್ಲಿ ಇಂಥ ಹೋಲಿಕೆ ಬರೀ ಆಕಸ್ಮಿಕವಾಗಿ ಎಷ್ಟು ಸಲ ಸಿಕ್ಕೀತು ಎಂಬ ಅಂದಾಜು. ಅದು ಸೊನ್ನೆಗೆ ಹತ್ತಿರವಾದಷ್ಟೂ ಹೋಲಿಕೆಯನ್ನು ನಂಬಬಹುದು. ನನ್ನ ಮಟ್ಟಿಗೆ ಬ್ಲಾಸ್ಟ್‌ನ ನಿಜವಾದ ಕೊಡುಗೆ ವೇಗಕ್ಕಿಂತ ಈ ಪ್ರಾಮಾಣಿಕ ಅಂಕಿಯೇ.

ಇಂಥ ಹೋಲಿಕೆಯೇ ಮಂಗನ ಕಾಯಿಲೆಗೆ ನೆಂಟನನ್ನು ತೋರಿಸಿತು. 1990ರ ದಶಕದ ಮಧ್ಯದಲ್ಲಿ ಸೌದಿಯ ಜೆದ್ದಾದಲ್ಲಿ ಕಂಡ ಅಲ್‌ಖುರ್ಮಾ ವೈರಸ್ ನಮ್ಮ ವೈರಸ್ಸಿನೊಂದಿಗೆ ಜೀನೋಮ್ ಅಕ್ಷರಗಳಲ್ಲಿ ಸುಮಾರು ಶೇ 92, ಪ್ರೋಟೀನಿನಲ್ಲಿ ಶೇ 97ರಷ್ಟು ಹೊಂದುತ್ತದೆ. ಯಾಕೆ ಈ ಅಂತರ? ಮೂರು ಅಕ್ಷರ ಸೇರಿ ಪ್ರೋಟೀನಿನ ಒಂದು ಅಮೈನೋ ಆಮ್ಲವನ್ನು ಸೂಚಿಸುತ್ತವೆ. ಮೂರನೆಯದು ಬದಲಾದರೂ ಬಹಳ ಸಲ ಅದೇ ಆಮ್ಲ ಉಳಿಯುತ್ತದೆ. ದೂರದ ಸಂಬಂಧ ಹುಡುಕುವವರು ಪ್ರೋಟೀನನ್ನೇ ಹೋಲಿಸುವುದು ಅದಕ್ಕೇ.

ಯಾರು ಯಾರಿಂದ ಬಂದರು, ಯಾವಾಗ ಬೇರೆಯಾದರು ಎಂಬುದನ್ನು ಮಾತ್ರ ಬ್ಲಾಸ್ಟ್ ಹೇಳದು. ಅದಕ್ಕೆ ವಂಶವೃಕ್ಷದ ಬೇರೆ ಲೆಕ್ಕವಿದೆ. ಈ ಎರಡೂ ವೈರಸ್‌ಗಳು ಸುಮಾರು 700 ವರ್ಷಗಳ ಹಿಂದೆಯೇ ಕವಲೊಡೆದಿರಬೇಕು ಎಂದು 2011ರ ಅಧ್ಯಯನವೊಂದು ಅಂದಾಜಿಸಿತು.

ಭಂಡಾರದಲ್ಲಿ ಇಲ್ಲದ್ದನ್ನು ಯಾವ ಸಾಧನವೂ ಹುಡುಕಿಕೊಡದು. ರಕ್ತದಲ್ಲಿ ವೈರಸ್ ಪತ್ತೆ ಮಾಡುವ ಪಿಸಿಆರ್ ಪರೀಕ್ಷೆಯ ಪ್ರೈಮರ್‌ಗಳನ್ನು (ವೈರಸ್ಸಿನ ಸರಣಿಗೆ ಅಂಟುವ ಚಿಕ್ಕ ತುಣುಕುಗಳನ್ನು) ರೂಪಿಸುವುದೂ ಹಲವು ಸರಣಿಗಳನ್ನು ಹೋಲಿಸಿ, ಬದಲಾಗದ ಜಾಗ ನೋಡಿಯೇ. ಹಾಗಾಗಿ ಪ್ರತಿ ಹೊಸ ಊರಿನ, ಪ್ರತಿ ವರ್ಷದ ವೈರಸ್ಸಿನ ಸರಣಿ ತಡವಿಲ್ಲದೆ ಭಂಡಾರ ಸೇರಬೇಕು. ಕಾಡಂಚಿನವರು ಮಾಡಬೇಕಾದ್ದೂ ಒಂದಿದೆ: ಬೇಸಿಗೆಯಲ್ಲಿ ಸೊಪ್ಪು, ಸೌದೆಗೆ ಹೋಗಿಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಿಳಿಸಿ, ಮೊದಲ ದಿನಗಳಲ್ಲೇ ರಕ್ತದ ಮಾದರಿ ಕೊಡಿ.