ಗ್ಯಾಲಕ್ಸಿ ಸಾಮ್ರಾಜ್ಯದ ಕಥೆ ಮತ್ತು ಅದರ ವಾಚಕರು

ಓದಿದವರೆಲ್ಲರೂ ಹೊಗಳುವ ಗ್ರಂಥದ ಬಗೆಗೆ ಹೊಸದಾಗಿ ಹೇಳಬೇಕಾದುದು ಹೆಚ್ಚೇನೂ ಇರುವುದಿಲ್ಲ. ಎಲ್ಲರೂ ತೆಗಳುವ ಗ್ರಂಥವನ್ನು ಕಾಲವೇ ಮರೆಸಿಬಿಡುತ್ತದೆ. ಆದರೆ ಎಂಟು ದಶಕಗಳಿಂದ ಒಂದು ಗುಂಪಿನ ವಾಚಕರು ತಲೆಯ ಮೇಲೆ ಹೊತ್ತು ಮೆರೆಸುತ್ತ, ಇನ್ನೊಂದು ಗುಂಪಿನವರು ದೋಷಗಳನ್ನು ಎಣಿಸುತ್ತ, ಎರಡು ಗುಂಪಿನವರೂ ಓದುವುದನ್ನು ಮಾತ್ರ ಬಿಡದಿದ್ದಾರೆಂದರೆ ಅಂಥ ಗ್ರಂಥದಲ್ಲಿ ಏನೋ ಸತ್ವವಿರಲೇಬೇಕು. ಅಮೆರಿಕದ ಲೇಖಕ ಐಸಾಕ್ ಅಸಿಮೋವನ 'ಫೌಂಡೇಷನ್' ಅಂಥದೊಂದು ಕೃತಿ. ಅದರ ವಾಚಕರಲ್ಲಿ ಈ ಭಿನ್ನಾಭಿಪ್ರಾಯವೇಕೆ, ಅವರ ಮಾತುಗಳಲ್ಲಿ ಗಟ್ಟಿ ಯಾವುದು ಜೊಳ್ಳು ಯಾವುದು ಎಂಬುದನ್ನು ನನಗೆ ತಿಳಿದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಈ ಜಾತಿಯ ಕಥೆಗಳಿಗೆ ಇಂಗ್ಲಿಷಿನಲ್ಲಿ 'ಸ್ಪೇಸ್ ಆಪೆರಾ' ಎಂದು ಹೆಸರು. 1941ರಲ್ಲಿ ವಿಲ್ಸನ್ ಟಕರ್ ಎಂಬುವನು ಈ ಮಾತನ್ನು ಹುಟ್ಟಿಸಿದ್ದು ಹೊಗಳಿಕೆಗಾಗಿ ಅಲ್ಲ, ಪರಿಹಾಸ್ಯಕ್ಕಾಗಿ. ಸಾಬೂನು ಕಂಪನಿಗಳ ಖರ್ಚಿನಲ್ಲಿ ರೇಡಿಯೋದಲ್ಲಿ ಬರುತ್ತಿದ್ದ ಗೋಳಿನ ಧಾರಾವಾಹಿಗಳಿಗೆ 'ಸೋಪ್ ಆಪೆರಾ' ಎಂದೂ, ಕುದುರೆ ಸವಾರರ ಹಳಸಿದ ಚಿತ್ರಗಳಿಗೆ 'ಹಾರ್ಸ್ ಆಪೆರಾ' ಎಂದೂ ಜನ ಕರೆಯುತ್ತಿದ್ದರು. ಅದೇ ಜಾಡಿನಲ್ಲಿ, ಅಂತರಿಕ್ಷ ನೌಕೆಗಳ ಸವಕಲು ಕಥೆಗಳಿಗೆ ಈ ಹೆಸರು ಬಿತ್ತು. ಕಾಲಕ್ರಮದಲ್ಲಿ ಹೀಯಾಳಿಕೆಯ ವಾಸನೆ ಹೋಗಿ, ಹಲವು ನಕ್ಷತ್ರಗಳ ನಡುವೆ ನಡೆಯುವ ದೊಡ್ಡ ಹರವಿನ ಕಥೆ ಎಂಬ ಅರ್ಥ ಉಳಿಯಿತು.

ಅಸಿಮೋವ್ 1920ರಲ್ಲಿ ರಷ್ಯಾದಲ್ಲಿ ಹುಟ್ಟಿ, ಮೂರು ವರ್ಷದ ಮಗುವಾಗಿದ್ದಾಗ ತಂದೆತಾಯಿಗಳೊಡನೆ ಅಮೆರಿಕಕ್ಕೆ ಬಂದವನು. ತಂದೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದನು. ಮಗನು ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರವನ್ನು ಓದುತ್ತ ಪತ್ರಿಕೆಗಳಿಗೆ ಕಥೆ ಬರೆಯುತ್ತಿದ್ದನು. 1941ರ ಆಗಸ್ಟ್ 1ರಂದು 'ಅಸ್ಟೌಂಡಿಂಗ್' ಪತ್ರಿಕೆಯ ಸಂಪಾದಕ ಜಾನ್ ಕ್ಯಾಂಪ್‌ಬೆಲ್‌ನನ್ನು ಕಾಣಲು ರೈಲಿನಲ್ಲಿ ಹೊರಟಾಗ ಅವನ ಬಳಿ ಕಥೆಯ ವಸ್ತುವೇ ಇರಲಿಲ್ಲ. ಕೈಯಲ್ಲಿದ್ದ ಗೀತನಾಟಕಗಳ ಪುಸ್ತಕವನ್ನು ಸುಮ್ಮನೆ ತೆರೆದಾಗ ಒಬ್ಬ ಸಿಪಾಯಿಯ ಚಿತ್ರ ಕಣ್ಣಿಗೆ ಬಿತ್ತು. ಸಿಪಾಯಿಯಿಂದ ಸೈನ್ಯ, ಸೈನ್ಯದಿಂದ ಸಾಮ್ರಾಜ್ಯ, ಸಾಮ್ರಾಜ್ಯದಿಂದ ರೋಮ್ ಹೀಗೆ ಯೋಚನೆ ಓಡಿತು. ರೋಮ್ ಸಾಮ್ರಾಜ್ಯದ ಪತನವನ್ನು ಕುರಿತ ಗಿಬ್ಬನ್ನನ ಮಹಾಗ್ರಂಥವನ್ನು ಅವನು ಆ ವೇಳೆಗಾಗಲೇ ಓದಿದ್ದನು. ಅದನ್ನೇ ಇಡೀ ಗ್ಯಾಲಕ್ಸಿಗೆ ಹಿಗ್ಗಿಸಿದರೆ ಹೇಗೆ? ಆಗ ಅವನಿಗೆ 21 ವರ್ಷ. ನಮ್ಮ ತರಗತಿಯ ಅನೇಕರ ವಯಸ್ಸು.

ಮೊದಲನೆಯ ಕಥೆ 1942ರ ಮೇ ಸಂಚಿಕೆಯಲ್ಲಿ ಅಚ್ಚಾಯಿತು. 1950ರ ಜನವರಿಯವರೆಗೆ ಬಿಡಿಬಿಡಿಯಾಗಿ ಬಂದ ಕಥೆಗಳು ಮುಂದೆ 'ಫೌಂಡೇಷನ್' (1951), 'ಫೌಂಡೇಷನ್ ಅಂಡ್ ಎಂಪೈರ್' (1952), 'ಸೆಕೆಂಡ್ ಫೌಂಡೇಷನ್' (1953) ಎಂಬ ಮೂರು ಸಂಪುಟಗಳಾದವು. ಆ ಪತ್ರಿಕೆಯಲ್ಲಿ ವಾಚಕರ ಪತ್ರಗಳಿಗೆ ಒಂದು ವಿಭಾಗವಿತ್ತು. ಯಾವ ಕಥೆಯನ್ನು ವಾಚಕರು ಎಷ್ಟು ಮೆಚ್ಚಿದರೆಂಬ ಪಟ್ಟಿಯೂ ಪ್ರಕಟವಾಗುತ್ತಿತ್ತು. ಆದುದರಿಂದ ಈ ಕೃತಿಯು ಆರಂಭದಿಂದಲೇ ವಾಚಕರ ಅಭಿಪ್ರಾಯಗಳ ನಡುವೆ ಬೆಳೆದದ್ದೆಂದು ಹೇಳಬಹುದು.

ಇನ್ನು ಕಥಾವಸ್ತು. ಹನ್ನೆರಡು ಸಾವಿರ ವರ್ಷಗಳಿಂದ ಬಾಳಿದ ಗ್ಯಾಲಕ್ಸಿ ಸಾಮ್ರಾಜ್ಯದಲ್ಲಿ ಮನುಷ್ಯರು ನೆಲೆಸಿದ ಲೋಕಗಳು ಎರಡೂವರೆ ಕೋಟಿ. ರಾಜಧಾನಿಯಾದ ಟ್ರಾಂಟರ್ ಒಂದು ಇಡೀ ಗ್ರಹ. ಅದರ ನೆಲವೆಲ್ಲ ಒಂದೇ ನಗರ. ಹೊರಗೆ ಎಲ್ಲವೂ ಭದ್ರವಾಗಿ ಕಾಣುತ್ತಿರುವಾಗ ಹ್ಯಾರಿ ಸೆಲ್ಡನ್ ಎಂಬ ಗಣಿತಜ್ಞನು ಸಾಮ್ರಾಜ್ಯ ಕುಸಿಯುವುದೆಂದು ಲೆಕ್ಕ ಹಾಕಿ ತೋರಿಸುತ್ತಾನೆ. ಆ ಬಳಿಕ ಮೂವತ್ತು ಸಾವಿರ ವರ್ಷಗಳ ಅಂಧಕಾರ. ಪತನವನ್ನು ತಡೆಯಲಾಗದು; ಕತ್ತಲೆಯ ಅವಧಿಯನ್ನು ಒಂದು ಸಾವಿರ ವರ್ಷಕ್ಕೆ ಇಳಿಸಬಹುದು. ಅದಕ್ಕಾಗಿ ಅವನು ಗ್ಯಾಲಕ್ಸಿಯ ಅಂಚಿನ ಟರ್ಮಿನಸ್ ಎಂಬ ಬಡ ಗ್ರಹದಲ್ಲಿ ವಿದ್ವಾಂಸರ ನೆಲೆಯೊಂದನ್ನು ಸ್ಥಾಪಿಸುತ್ತಾನೆ. ಅವರು ವಿಶ್ವಕೋಶವನ್ನು ರಚಿಸಲು ಬಂದಿದ್ದೇವೆಂದು ನಂಬಿರುತ್ತಾರೆ. ಐವತ್ತು ವರ್ಷಗಳಾದ ಮೇಲೆ, ಸತ್ತುಹೋದ ಸೆಲ್ಡನ್ನನ ಚಿತ್ರ ಕಾಣಿಸಿಕೊಂಡು, ವಿಶ್ವಕೋಶ ಬರಿಯ ನೆಪವಾಗಿತ್ತೆಂದು ತಿಳಿಸುತ್ತದೆ!

ಸೆಲ್ಡನ್ನನ ಶಾಸ್ತ್ರಕ್ಕೆ 'ಸೈಕೋಹಿಸ್ಟರಿ' ಎಂದು ಹೆಸರು. ಡಬ್ಬಿಯೊಂದರಲ್ಲಿ ತುಂಬಿದ ಅನಿಲದ ಒಂದು ಅಣು ಎತ್ತ ಹಾರುವುದೋ ಯಾರೂ ಹೇಳಲಾರರು; ಆದರೆ ಕೋಟಿ ಕೋಟಿ ಅಣುಗಳು ಸೇರಿದಾಗ ಅನಿಲದ ಒತ್ತಡವನ್ನು ಕರಾರುವಾಕ್ಕಾಗಿ ಲೆಕ್ಕ ಹಾಕಬಹುದು. ರಸಾಯನಶಾಸ್ತ್ರದ ವಿದ್ಯಾರ್ಥಿಯಾದ ಅಸಿಮೋವ್ ಈ ಮಾತನ್ನು ಮನುಷ್ಯರಿಗೆ ಅನ್ವಯಿಸಿದನು. ಒಬ್ಬನ ನಡತೆ ಲೆಕ್ಕಕ್ಕೆ ಸಿಕ್ಕದು, ಜನಸ್ತೋಮದ ನಡತೆ ಸಿಕ್ಕುತ್ತದೆ. ಇದಕ್ಕೆ ಎರಡು ನಿಬಂಧನೆಗಳು. ಜನಸಂಖ್ಯೆ ಅಪಾರವಾಗಿರಬೇಕು; ಮತ್ತು ತಮ್ಮ ಬಗೆಗೆ ಹಾಕಿದ ಲೆಕ್ಕ ಆ ಜನರಿಗೆ ತಿಳಿದಿರಬಾರದು. ಈ ಎರಡನೆಯ ನಿಬಂಧನೆಯನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು.

ಮೊದಲು ಮೆಚ್ಚಿದವರ ಮಾತು. 1966ರಲ್ಲಿ ಕ್ಲೀವ್‌ಲೆಂಡ್ ನಗರದಲ್ಲಿ ಸೇರಿದ ವಿಜ್ಞಾನ ಕಥೆಗಳ ವಿಶ್ವ ಸಮ್ಮೇಳನದಲ್ಲಿ ಸಾರ್ವಕಾಲಿಕ ಶ್ರೇಷ್ಠ ಕಥಾಮಾಲೆಗೆ ಹ್ಯೂಗೋ ಪ್ರಶಸ್ತಿ ಇಟ್ಟಿದ್ದರು. ಮತ ಹಾಕುವವರು ವಾಚಕರೇ. ಟೋಲ್ಕೀನನ 'ಲಾರ್ಡ್ ಆಫ್ ದಿ ರಿಂಗ್ಸ್' ಸ್ಪರ್ಧೆಯಲ್ಲಿದ್ದರೂ ಗೆದ್ದದ್ದು ಅಸಿಮೋವನ ಕೃತಿ. ನೊಬೆಲ್ ಪ್ರಶಸ್ತಿ ಪಡೆದ ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್‌ಮನ್ ಅವರು ತಾವು ಹದಿಹರೆಯದಲ್ಲಿ ಸೆಲ್ಡನ್ನನಂತಾಗಬಯಸಿದುದಾಗಿಯೂ, ಅಂಥ ಶಾಸ್ತ್ರಕ್ಕೆ ಅತಿ ಸಮೀಪವೆಂದು ಅರ್ಥಶಾಸ್ತ್ರವನ್ನು ಹಿಡಿದುದಾಗಿಯೂ ಹೇಳಿಕೊಂಡಿದ್ದಾರೆ. ಮೆಚ್ಚಿಗೆಯ ಕಾರಣ ಸ್ಪಷ್ಟವಾಗಿದೆ. ಇಲ್ಲಿ ಗೆಲ್ಲುವುದು ತೋಳ್ಬಲವಲ್ಲ, ಬುದ್ಧಿ. ನೆರೆಯ ರಾಜ್ಯಗಳು ಟರ್ಮಿನಸ್ಸಿನ ಮೇಲೆ ಏರಿ ಬಂದಾಗ ಮೇಯರ್ ಸಾಲ್ವರ್ ಹಾರ್ಡಿನ್ ಗುಂಡು ಹಾರಿಸುವುದಿಲ್ಲ. ಅವರ ದುರಾಸೆಗಳನ್ನು ಒಂದಕ್ಕೊಂದು ಎದುರಾಗಿ ನಿಲ್ಲಿಸಿ ಪಾರಾಗುತ್ತಾನೆ. ಮುಂದೆ ಗೆದ್ದ ದಳಪತಿಯನ್ನು ಚಕ್ರವರ್ತಿಯೇ ಶಂಕಿಸುವ ಪ್ರಸಂಗದಲ್ಲಿ, ಜಸ್ಟಿನಿಯನ್ನನ ದಳಪತಿ ಬೆಲಿಸಾರಿಯಸ್‌ನ ಕಥೆ ಇತಿಹಾಸದ ವಿದ್ಯಾರ್ಥಿಗಳಿಗೆ ಥಟ್ಟನೆ ಹೊಳೆಯುತ್ತದೆ.

ಇನ್ನು ಆಕ್ಷೇಪಣೆಗಳು. ಮೊದಲನೆಯದು, ಬರಿಯ ಮಾತು ಎಂಬುದು. ಯುದ್ಧಗಳೆಲ್ಲ ತೆರೆಯ ಮರೆಯಲ್ಲಿ. ನಮ್ಮೆದುರಿಗೆ ಇಬ್ಬರು ಮೂವರು ಕೋಣೆಯಲ್ಲಿ ಕುಳಿತು ವಾದಿಸುತ್ತಾರೆ. ಸ್ವತಃ ಅಸಿಮೋವನೇ ಬಹುಕಾಲದ ಮೇಲೆ, 1982ರ ಹೊಸ ಸಂಪುಟವನ್ನು ಬರೆಯುವ ಮುನ್ನ, ಹಳೆಯವನ್ನು ತಿರುಗಿ ಓದಿ, ಏನಾದರೂ ನಡೆಯುವುದೆಂದು ಕಾದರೂ ಏನೂ ನಡೆಯಲಿಲ್ಲವೆಂದು ಬರೆದಿದ್ದಾನೆ. ಆದರೂ ಪುಟ ತಿರುವುವುದನ್ನು ನಿಲ್ಲಿಸಲಾಗಲಿಲ್ಲವಂತೆ! ನನ್ನ ಅನುಭವವೂ ಇದೇ. ತಾಳಮದ್ದಳೆಯನ್ನು ರಾತ್ರಿಯೆಲ್ಲ ಕೇಳುವ ನಮ್ಮ ಜನಕ್ಕೆ ಕುಳಿತು ಆಡುವ ಮಾತೂ ಯುದ್ಧವೇ ಎಂಬುದನ್ನು ವಿವರಿಸಬೇಕಾಗಿಲ್ಲ. ಈ ಆಕ್ಷೇಪಣೆ ರುಚಿಗೆ ಸಂಬಂಧಿಸಿದ್ದು.

ಎರಡನೆಯದು, ಸ್ತ್ರೀಪಾತ್ರಗಳ ಕೊರತೆ. ಇದನ್ನು ಅಲ್ಲಗಳೆಯಲಾಗದು. ಮೊದಲ ಸಂಪುಟದಲ್ಲಿ ಲೆಕ್ಕಕ್ಕೆ ಬರುವ ಹೆಂಗಸರೇ ಇಲ್ಲವೆನ್ನಬೇಕು. ಎರಡೂವರೆ ಕೋಟಿ ಲೋಕಗಳಿರುವ ಸಾಮ್ರಾಜ್ಯದಲ್ಲಿ ಅರ್ಧ ಜನ ಎಲ್ಲಿ ಹೋದರು? ಎರಡನೆಯ ಸಂಪುಟದ ಬೇಟಾ, ಮೂರನೆಯ ಸಂಪುಟದ ಹದಿನಾಲ್ಕು ವರ್ಷದ ಆರ್ಕೇಡಿ ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬುತ್ತಾರೆ. 2021ರಲ್ಲಿ ಆರಂಭವಾದ ದೃಶ್ಯ ಧಾರಾವಾಹಿಯಲ್ಲಿ ಸಾಲ್ವರ್ ಹಾರ್ಡಿನ್ ಮುಂತಾದ ಕೆಲವು ಗಂಡು ಪಾತ್ರಗಳನ್ನು ಹೆಣ್ಣಾಗಿಸಿದರು. ಇದಕ್ಕೂ ಹಳೆಯ ವಾಚಕರಲ್ಲಿ ಪರ ವಿರೋಧ ಎರಡೂ ಎದ್ದವು.

ಮೂರನೆಯ ಆಕ್ಷೇಪಣೆಯೇ ಗಹನವಾದದ್ದು. ಎಲ್ಲವೂ ಮೊದಲೇ ಲೆಕ್ಕವಾಗಿದ್ದರೆ ವ್ಯಕ್ತಿಯ ಪ್ರಯತ್ನಕ್ಕೆ ಬೆಲೆಯೆಲ್ಲಿ? ಡೊನಾಲ್ಡ್ ವೊಲ್‌ಹೈಮ್ 1971ರಲ್ಲಿ ಸೈಕೋಹಿಸ್ಟರಿಯನ್ನು ಮಾರ್ಕ್ಸ್‌ವಾದದೊಡನೆ ಹೋಲಿಸಿ ಕೃತಿಯನ್ನು ಎತ್ತಿಹಿಡಿದನು. ಚಾರ್ಲ್ಸ್ ಎಲ್ಕಿನ್ಸ್ 1976ರ ಪ್ರಬಂಧದಲ್ಲಿ, ಇದು ಮಾರ್ಕ್ಸನ ಇತಿಹಾಸ ದೃಷ್ಟಿಯ ವಿಕಾರವೆಂದೂ, ಇಲ್ಲಿ ಜನ ವಿಧಿಯ ಕೈಗೊಂಬೆಗಳೆಂದೂ ವಾದಿಸಿದನು. ಸಂಪಾದಕ ಕ್ಯಾಂಪ್‌ಬೆಲ್ಲನಿಗೂ ಸೆಲ್ಡನ್ನನ ಯೋಜನೆ ಸದಾ ಗೆಲ್ಲುವುದು ಸಪ್ಪೆಯೆನಿಸಿ, ಅದನ್ನು ಕೆಡಿಸೆಂದು ಅಸಿಮೋವನನ್ನು ಒತ್ತಾಯಿಸಿದ್ದನು. ಅದರ ಫಲವೇ 1945ರಲ್ಲಿ ಬಂದ 'ಮ್ಯೂಲ್' ಪಾತ್ರ. ಅನ್ಯರ ಭಾವನೆಗಳನ್ನು ತಿರುಚಬಲ್ಲ ಈ ಒಬ್ಬನೇ ಒಬ್ಬನು ಕೋಟಿ ಕೋಟಿ ಜನರ ಲೆಕ್ಕವನ್ನು ತಲೆಕೆಳಗು ಮಾಡುತ್ತಾನೆ. ಅವನನ್ನು ಕಟ್ಟಕಡೆಯ ಕ್ಷಣದಲ್ಲಿ ತಡೆಯುವವಳೂ ಒಬ್ಬಳೇ, ಬೇಟಾ. ಹೇಗೆಂಬ ಗುಟ್ಟನ್ನು ಇಲ್ಲಿ ಒಡೆಯುವುದಿಲ್ಲ. ವ್ಯಕ್ತಿಗೆ ಬೆಲೆಯಿಲ್ಲವೆಂಬ ದೂರಿಗೆ ಕೃತಿಯೊಳಗೇ ಉತ್ತರವಿದೆಯೆಂದಷ್ಟೇ ಹೇಳಿದರೆ ಸಾಕು.

ಆದರೆ ನನ್ನನ್ನು ಕಾಡಿದ್ದು ಇದಲ್ಲ; ಹಿಂದೆ ಹೇಳಿದ ಎರಡನೆಯ ನಿಬಂಧನೆ. ಜನರಿಗೆ ತಿಳಿದಿರಬಾರದು. ತಿಳಿದ ಕೆಲವರು ತೆರೆಯ ಹಿಂದೆ ಕುಳಿತು ತಿಳಿಯದ ಕೋಟ್ಯಂತರ ಜನರ ಹಿತವನ್ನು ನಿರ್ಧರಿಸುತ್ತಾರೆ. ಅವರು ಒಳ್ಳೆಯವರೇ ಇರಬಹುದು, ಲೆಕ್ಕವೂ ಸರಿಯಿರಬಹುದು. ಆದರೂ ಅದು ನ್ಯಾಯವೇ?

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ನನ್ನ ತಾತ ಕಾಗದಗಳಿಗೆ ಹೆಬ್ಬೆಟ್ಟು ಒತ್ತುತ್ತಿದ್ದವರು. ಏನು ಬರೆದಿದೆಯೆಂದು ಕೇಳಿದರೆ, "ನಿನಗ್ಯಾಕಯ್ಯಾ ಅದೆಲ್ಲ, ನಿನ್ನ ಒಳ್ಳೇದಕ್ಕೇ ಬರೆದಿದೆ, ಒತ್ತು" ಎಂಬ ಉತ್ತರ ಬರುತ್ತಿತ್ತಂತೆ. ಒಮ್ಮೊಮ್ಮೆ ಅದು ನಿಜವಾಗಿಯೂ ಒಳ್ಳೆಯದಕ್ಕೇ ಇತ್ತು. ಒಮ್ಮೆ ಇರಲಿಲ್ಲ, ಎರಡು ಎಕರೆ ಹೋಯಿತು. ಯಾವುದು ಯಾವುದೆಂದು ತಿಳಿಯುವ ದಾರಿ ತಾತನಿಗಿರಲಿಲ್ಲ. ಸೆಲ್ಡನ್ನನ ಯೋಜನೆಯನ್ನು ಓದುವಾಗ ಇದೇ ಮಾತು ನನ್ನ ಕಿವಿಯಲ್ಲಿ ಮೊಳಗಿತು. ವಿಶ್ವಕೋಶವೆಂದು ನಂಬಿ ಐವತ್ತು ವರ್ಷ ದುಡಿದ ಆ ವಿದ್ವಾಂಸರೂ ಒಂದು ಬಗೆಯಲ್ಲಿ ಹೆಬ್ಬೆಟ್ಟು ಒತ್ತಿದವರೇ.

ಆದುದರಿಂದ ಕೃತಿಯನ್ನು ದೂರವಿಡಬೇಕೆಂದು ನಾನು ಹೇಳುವುದಿಲ್ಲ. ಜನಸಂಖ್ಯೆಯ ಗಣತಿ, ಐದು ವರ್ಷಕ್ಕೊಮ್ಮೆಯ ಚುನಾವಣೆ, ಬೆಲೆಗಳ ಏರಿಳಿತ ಎಲ್ಲವೂ ಅಂಕಿಗಳಾಗಿ, ಆ ಅಂಕಿಗಳನ್ನು ಓದಬಲ್ಲ ಕೆಲವರು ನಮ್ಮ ನಾಳೆಯನ್ನು ಊಹಿಸುತ್ತಿರುವ ಕಾಲವಿದು. ಲೆಕ್ಕ ಹಾಕುವುದು ತಪ್ಪಲ್ಲ. ಮುಂಗಾಣುವ ವಿದ್ಯೆಯಿಂದ ಕ್ಷಾಮ ರೋಗಗಳನ್ನು ತಡೆಯಬಹುದು. ಲೆಕ್ಕವನ್ನು ಬಚ್ಚಿಡುವುದು ತಪ್ಪು. ಈ ಭೇದವನ್ನು ಇಷ್ಟು ಸ್ಪಷ್ಟವಾಗಿ ಕಣ್ಣೆದುರಿಗೆ ತಂದು ನಿಲ್ಲಿಸಿದ ಕಥೆಯನ್ನು ನಾನು ಬೇರೆ ಓದಿಲ್ಲ. ಅಸಿಮೋವ್ ಸೆಲ್ಡನ್ನನ ಪಕ್ಷವನ್ನೇ ವಹಿಸಿದ್ದರೂ, ವಾಚಕನು ಎದುರು ಪಕ್ಷ ವಹಿಸಲು ಬೇಕಾದ ಸಾಮಗ್ರಿಯನ್ನೂ ಅವನೇ ಒದಗಿಸಿದ್ದಾನೆ.

ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದುತ್ತಿರುವ ಸಹಪಾಠಿಗಳು ಈ ಮೂರು ಸಂಪುಟಗಳನ್ನು ಓದಬೇಕೆಂದು ನನ್ನ ಕೋರಿಕೆ. ಇಂಗ್ಲಿಷ್ ಸರಳವಾಗಿದೆ, ನಿಘಂಟು ಪಕ್ಕದಲ್ಲಿದ್ದರೆ ನಮ್ಮಂಥವರಿಗೂ ಎಟುಕುತ್ತದೆ. ಓದಿದ ಮೇಲೆ ಸೆಲ್ಡನ್ನನು ಮಾಡಿದ್ದು ಸರಿಯೆಂದು ತೋರಿದವರು ನನ್ನೊಡನೆ ವಾದಕ್ಕೆ ಬರಲಿ. ಉಪನ್ಯಾಸಕರು ಮಧ್ಯಸ್ಥರಾಗಲು ಒಪ್ಪಿದರೆ ಇನ್ನೂ ಸಂತೋಷ.